ಇಪ್ಪತ್ತೈದು ಬೋರಿನ ಐದು ಗುಂಡು

ಸಂಗನಬಸವ ಹನ್ನೆರಡು ವರ್ಷದವನಿದ್ದಾಗ ಅವ್ವ ಜಂಬಮ್ಮನಿಗೆ ಒಂದು ಮಾತು ಕೊಟ್ಟಿದ್ದ. ಜೋಳದ ಹೊಲಕ್ಕೆ ಬೀಳುವ ಗಿಳಿಗಳನ್ನು ಓಡಿಸಲೆಂದು ಅವನ ಅಪ್ಪ ಯಾರದೋ ಬಂದೂಕು ಇಸಕೊಂಡು ಬಂದಿದ್ದ. ಅಂಗಳದಲ್ಲಿ ಕೂತು ಒರೆಸುತ್ತಿದ್ದಾಗ ಅದು ಢಂ ಎಂದಿತು. ಜಂಬಮ್ಮ ತವರಿನಿಂದ ತಂದ ತಾಮ್ರದ ಹಂಡೆಗೆ ಎರಡು ತೂತು ಬಿದ್ದವು. ಗಿಳಿಗಳು ಆ ವರ್ಷ ಜೋಳವನ್ನು ಸಾವಕಾಶವಾಗಿ ತಿಂದು ಹೋದವು. ಜಂಬಮ್ಮ ಮಗನಿಂದ ಕೊರಳಿನ ಲಿಂಗ ಮುಟ್ಟಿಸಿ ಹೇಳಿಸಿದಳು: “ಬಂದೂಕು, ಪಿಸ್ತೂಲು, ಸಣ್ಣದು, ದೊಡ್ಡದು, ಯಾವುದನ್ನೂ ಈ ಹೊಸ್ತಿಲಾ ದಾಟಿ ಒಳಗ ತರಾಂಗಿಲ್ಲ.”

ಈಗ ಸಂಗನಬಸವನಿಗೆ ನಲವತ್ತೊಂದು. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ. ಪಕ್ಕದಲ್ಲಿ ಚನ್ನುವಿನ ಝೆರಾಕ್ಸ್ ಅಂಗಡಿ. ಊರವರ ಅರ್ಜಿಗಳನ್ನೆಲ್ಲ ಅವರು ಕೇಳದೆಯೇ ತುಂಬುವುದು ಚನ್ನುವಿನ ಚಟ. “ದಿನಾ ಬ್ಯಾಂಕಿಗೆ ರೊಕ್ಕ ಒಯ್ತೀಯಣ್ಣ, ಒಂದು ಲೈಸೆನ್ಸ್ ಇರಲಿ” ಎಂದು ರಿವಾಲ್ವರಿನ ಅರ್ಜಿಯನ್ನೂ ಅವನೇ ತುಂಬಿದ್ದ. ಸಿಗುವುದಿಲ್ಲ ಎಂಬ ಧೈರ್ಯದ ಮೇಲೆ ಸಂಗನಬಸವ ಸಹಿ ಹಾಕಿದ್ದ. ಸಿಕ್ಕಿಬಿಟ್ಟಿತು. ಕೊಟ್ಟ ಅವಧಿಯೊಳಗೆ ಆಯುಧ ಕೊಳ್ಳದಿದ್ದರೆ ಲೈಸೆನ್ಸ್ ರದ್ದು. ಇಂದು ಆ ಅವಧಿಯ ಕೊನೆಯ ದಿನ.

“ಅಂಗಡ್ಯಾಗ ಇಡು. ಅವ್ವ ಹೇಳಿದ್ದು ಮನೀ ಹೊಸ್ತಿಲಾ ಅಲ್ಲೇನು?” ಎಂದ ಚನ್ನು.

ಏಳರ ಬಸ್ಸು ಹಿಡಿದು ಇಬ್ಬರೂ ಲಿಂಗಸುಗೂರಿನ ಹುಸೇನ್‌ಸಾಬರ ಬಂದೂಕಿನ ಅಂಗಡಿಗೆ ಹೋದರು. ಹುಸೇನ್‌ಸಾಬರಿಗೆ ಎಪ್ಪತ್ತು ದಾಟಿತ್ತು. ಎಲ್ಲರೂ ಕೊಳ್ಳುವ ಮೂವತ್ತೆರಡು ಬೋರಿನ ರಿವಾಲ್ವರ್ ಬರಲು ಇನ್ನೂ ಆರು ತಿಂಗಳು ಎಂದು ಹೇಳಿ, ಅವರು ಒಳಗಿನಿಂದ ಕೆಂಪು ಮಖಮಲ್ಲಿನ ಗಂಟೊಂದನ್ನು ತಂದು ಬಿಚ್ಚಿದರು.

ಹುಟ್ಟಿದಾಗಿನಿಂದ ಮಾತು ನಿಲ್ಲಿಸದ ಚನ್ನು ನಿಲ್ಲಿಸಿದ. ಅಂಗೈಯಷ್ಟೇ ಇತ್ತು ಅದು. ಮುತ್ತಿನ ಚಿಪ್ಪಿನ ಹಿಡಿಕೆ. ಮಳೆ ನಿಂತ ಎರೆಹೊಲದ ಮೇಲೆ ಮೊದಲ ಬಿಸಿಲು ಬಿದ್ದಾಗ ಹೊಳೆಯುತ್ತದಲ್ಲ, ಅಂಥ ಕಪ್ಪು. ಸಂಗನಬಸವ ತನಗರಿವಿಲ್ಲದೆ ಚಪ್ಪಲಿ ಕಳಚಿದ.

“ಬೆಲ್ಜಿಯಂದು. ಸಣ್ಣ ನಳಿಗೀದು, ಇಪ್ಪತ್ತೈದು ಬೋರು,” ಎಂದರು ಹುಸೇನ್‌ಸಾಬ್. “ನನ್ನ ಉಮರಿನ್ಯಾಗ ಇಂಥಾದ್ದು ಇದೊಂದ ನೋಡೀನಿ.”

“ಗುಂಡು ಸಿಗ್ತಾವ್ರೀ?”

“ಸಿಗೋದು ಮುಷ್ಕಿಲ್. ಐದು ಅದಾವ.”

“ಐದು ಡಬ್ಬೀನ?”

“ಐದು ಗುಂಡು.”

“ಅವು ಮುಗಿದ ಮ್ಯಾಲ?”

“ಸಾವ್ಕಾರ್ರೀ, ಐದು ಮಂದಿಗೆ ಹೊಡದ ಮ್ಯಾಲ ನೀವು ಜೇಲಿನ್ಯಾಗ ಇರ್ತೀರಿ. ಆರನೇದು ಯಾಕ ಬೇಕು?”

ಗುಂಡು ಶೇಂಗಾ ಕಾಳಿಗಿಂತ ಸ್ವಲ್ಪ ದೊಡ್ಡದಿತ್ತು. “ಇದು ಬಡದ್ರ ಹಂದಿ ತುರಿಸ್ಕೊಂಡು ಹೋಗ್ತದ,” ಎಂದು ಚನ್ನು ಪಿಸುಗುಟ್ಟಿದ, ಆದರೆ ಅವನ ಕಣ್ಣೂ ಅದರ ಮೇಲಿನಿಂದ ಏಳಲಿಲ್ಲ. ಮೂರು ಸಲ ಚಹಾ ಬಂತು. ಸಂಗನಬಸವ ಹಿಡಿದು ನೋಡಿದ, ಇಟ್ಟ, ಮತ್ತೆ ಹಿಡಿದ. ಗುಂಡು ಸಿಗದ ಆಯುಧ ಯಾರಿಗೆ ಬೇಕು? ಆದರೆ ಇಷ್ಟು ಚೆಂದದ್ದು ಇನ್ನೆಲ್ಲಿ ಸಿಗಬೇಕು? ನಡುವೆ ಅವ್ವನ ಹಂಡೆ ನೆನಪಾಗುತ್ತಿತ್ತು.

ಕೊನೆಗೆ ಹುಸೇನ್‌ಸಾಬರೇ ಅವನ ಲೈಸೆನ್ಸ್ ಪುಸ್ತಕ ಎಳೆದುಕೊಂಡರು. “ತಾರೀಖು ದಾಟಿದ್ರ ತ್ರಾಸು. ಕೊಟ್ಟೀನಿ ಅಂತ ಬರದಬಿಡ್ತೀನಿ. ಸಾಮಾನು ಇಲ್ಲೇ ಇರಲಿ, ಎಂಟು ದಿನ ವಿಚಾರ ಮಾಡ್ರಿ. ಪಸಂದ್ ಇಲ್ಲಂದ್ರ ವಾಪಸ್ ತೊಗೊಂಡೆ ಅಂತ ಬರೀತೀನಿ. ಫಿಕರ್ ಮಾಡಬ್ಯಾಡ್ರಿ.”

ಸಂಗನಬಸವನಿಗೆ ಹೆಗಲ ಮೇಲಿನ ನೊಗ ಇಳಿಸಿದಂತಾಯಿತು. ಲೈಸೆನ್ಸೂ ಉಳಿಯಿತು, ಮಾತೂ ಉಳಿಯಿತು. ಬರಿಗೈಯಲ್ಲಿ ಬಸ್ಸು ಹತ್ತಿದ.

ಆದರೆ ಚನ್ನು ಫೋನು ಹತ್ತಿದ್ದ. “ಆತು, ಬರದಾತು! ಇಪ್ಪತ್ತೈದು ಬೋರು! ಬರೇ ಐದು ಗುಂಡು!” ಎಂದು ಅವನು ಊರಿಗೆಲ್ಲ ಹೇಳುತ್ತಿದ್ದ. ಕಂಡಕ್ಟರ್ ಸಂಗನಬಸವನ ಉಬ್ಬಿದ ಕಿಸೆ ನೋಡಿದ. ಅದರಲ್ಲಿದ್ದದ್ದು ಕನ್ನಡಕದ ಡಬ್ಬಿ. ಆದರೂ ಕಂಡಕ್ಟರ್ ಮುಂದಿನ ಸೀಟಿನವನನ್ನು ಎಬ್ಬಿಸಿ, “ಬರ್ರೀ ಸರ, ಇಲ್ಲಿ ಕೂಡ್ರಿ” ಎಂದ.

ಮಸ್ಕಿಯಲ್ಲಿ ಹತ್ತಿದ ಸಂತೆಕಲ್ಲೂರಿನ ಕುರಿಗಾರ ಮಾಳಿಂಗಪ್ಪ ಕಿಸೆಗೆ ಕೈಮುಗಿದೇ ಮಾತು ಶುರು ಮಾಡಿದ. “ಯಪ್ಪಾ, ತ್ವಾಳದ ಕಾಟ ಭಾಳ ಆಗೈತಿ. ಒಂದು ಗುಂಡು ನನ್ನ ಹೆಸರಿಲೆ ಇಡ್ರಿ.”

“ತ್ವಾಳಾ ಹೊಡದ್ರ ಫಾರೆಸ್ಟಿನವ್ರು ನನ್ನ ಹೊಡೀತಾರೋ!”

“ಕೊಲ್ಲಬ್ಯಾಡ್ರಿ. ಸುಮ್ನ ತೋರ್ಸಿ, ಮ್ಯಾಲಕ್ಕ ಹಾರ್ಸ್ರಿ.”

ಮುಕ್ಕುಂದದ ರೈತನೊಬ್ಬ ಭತ್ತಕ್ಕೆ ಬೀಳುವ ಹಂದಿಗೆಂದು ಒಂದು ಕೇಳಿದ. ಹಿಂದಿನ ಸೀಟಿನ ಲಾಲ್‌ಬೀ, “ನನ್ನ ಅಳಿಯಗ ಹೊಡೀಬ್ಯಾಡ್ರಿ, ಅವನ ಮುಂದ ಒಮ್ಮಿ ಒರಸ್ರಿ ಸಾಕು” ಎಂದಳು. ಕಂಡಕ್ಟರಿಗೂ ಒಂದು ಬೇಕಾಗಿತ್ತು. ಚನ್ನು ಬೆರಳು ಮಡಚಿ ನಾಲ್ಕು ಎಣಿಸಿ, ಐದನೆಯದನ್ನು ತನಗೇ ಇಟ್ಟುಕೊಂಡ.

“ನಿನಗ್ಯಾಕಲೇ?”

“ಎಲ್ಲಾರಿಗೂ ಐತಿ, ನನಗ ಬ್ಯಾಡೇನು?”

ಸಿಂಧನೂರಿನ ಅಂಗಡಿಯ ಮುಂದೆ ಮಂದಿ ಸೇರಿತ್ತು. ಸಂಗನಬಸವ ಬಂದಕೂಡಲೇ ಎಲ್ಲರೂ ಎದ್ದು ನಿಂತರು. ಯೂರಿಯಾ ಚೀಲಕ್ಕೆ ದಿನಾ ಜಗಳವಾಡುವವನು ಇಂದು ಕೈಕಟ್ಟಿ, “ನೀವು ಹೇಳಿದ್ದ ರೇಟು ಧಣಿ” ಎಂದ. ‘ನನ್ನ ಹತ್ತಿರ ಏನೂ ಇಲ್ಲ’ ಎನ್ನಲು ಸಂಗನಬಸವ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಯಾರೋ ಚಹಾ ಕೊಟ್ಟರು. ಮೂರನೆಯ ಸಲ ತೆರೆಯಲಿಲ್ಲ.

ಎರಡು ಗಂಟೆಗೆ ಪೊಲೀಸ್ ಪೇದೆ ಬಂದ. “ಚುನಾವಣೆ ಘೋಷಣೆ ಆಗೇದರಿ. ಲೈಸೆನ್ಸಿನ ಆಯುಧ ಎಲ್ಲಾ ಆರು ಗಂಟೆದೊಳಗ ಠಾಣೇಕ ಜಮಾ ಮಾಡಬೇಕು.”

“ನನ್ನ ಕಡೆ ಇಲ್ರೀ,” ಎಂದ ಸಂಗನಬಸವ.

“ಕಿಸೇದಾಗ ಐತಲ್ಲಣ್ಣ!” ಎಂದು ಜನ ಒಟ್ಟಿಗೆ ಕೂಗಿದರು.

ಸಂಗನಬಸವ ಕಿಸೆಗೆ ಕೈ ಹಾಕಿದ. ಪೇದೆ ಎರಡು ಹೆಜ್ಜೆ ಹಿಂದೆ ಸರಿದ. ಮಂದಿ ಗೊಬ್ಬರದ ಚೀಲಗಳ ಹಿಂದೆ ಕೂತರು. ಡಬ್ಬಿ ತೆರೆದರೆ ಕನ್ನಡಕ. “ಭಾರೀ ಶ್ಯಾಣ್ಯಾ ಅದಾನ. ಎಲ್ಲೋ ಮುಚ್ಚಿಟ್ಟಾನ,” ಎಂದು ಚೀಲದ ಹಿಂದಿನಿಂದ ಯಾರೋ ಮೆಚ್ಚಿಕೊಂಡರು.

ಪೇದೆ ಲೈಸೆನ್ಸ್ ಪುಸ್ತಕ ತೆರೆದು ಓದಿದ. “ಇಪ್ಪತ್ತೈದು ಬೋರು ರಿವಾಲ್ವರ್ ಒಂದು, ಗುಂಡು ಐದು. ಇವತ್ತಿನ ತಾರೀಖು. ಸಾವ್ಕಾರ್ರೀ, ತಂದು ಕೊಡ್ರಿ. ಇಲ್ಲಂದ್ರ ಅಂಗಡಿ, ಮನೀ ಎಲ್ಲಾ ಹುಡುಕಬೇಕಾಗ್ತದ.”

ಪೊಲೀಸರು ಮನೆಗೆ ಬಂದು ಪಿಸ್ತೂಲು ಹುಡುಕುವುದನ್ನು ಅವ್ವ ನೋಡುವುದೆಂದರೆ! ಸಂಗನಬಸವ ಹುಸೇನ್‌ಸಾಬರಿಗೆ ಫೋನು ಹಚ್ಚಿದ.

“ವಾಪಸ್ ತೊಗೊಂಡೀನಿ ಅಂತ ಬರೀರಿ, ನಿಮ್ಮ ಕಾಲು ಬೀಳ್ತೀನಿ.”

“ಹೊತ್ತು ಏರೂದ್ರಾಗ ಕೊಟ್ಟು, ಹೊತ್ತು ಇಳಿಯೂದ್ರಾಗ ವಾಪಸ್ ಅಂತ ಬರದ್ರ ನನ್ನ ಅಂಗಡಿಗೆ ಬೀಗ ಬೀಳ್ತದ. ಬಂದು ಒಯ್ರಿ ಸಾವ್ಕಾರ್ರೀ. ರೊಕ್ಕ ಪೂರಾ ತರ್ರಿ.”

ಬಾಡಿಗೆ ಕಾರು ಮಾಡಿಕೊಂಡು ಸಂಗನಬಸವ ಮತ್ತೆ ಲಿಂಗಸುಗೂರಿಗೆ ಹೋದ. ಎರಡು ಎಮ್ಮೆಗಳ ಬೆಲೆ ಸುರಿದು ಮಖಮಲ್ಲಿನ ಗಂಟನ್ನು ಇಸಕೊಂಡ. ಹೀಗೆ ಎರಡು ತಾಸು ವಿಚಾರ ಮಾಡಿ ಕೊಳ್ಳದೆ ಬಿಟ್ಟದ್ದನ್ನು ಎರಡು ನಿಮಿಷದಲ್ಲಿ ಕೊಂಡ.

ವಾಪಸು ಬರುವಾಗ ಅದು ಅವನ ತೊಡೆಯ ಮೇಲಿತ್ತು. ಮಸ್ಕಿ ದಾಟಿದ ಮೇಲೆ ಗಂಟು ಬಿಚ್ಚಿದ. ಕಾಲುವೆಯ ಕಡೆಯಿಂದ ಸಂಜೆಯ ಬಿಸಿಲು ಅಡ್ಡ ಬಿದ್ದು ಮುತ್ತಿನ ಚಿಪ್ಪು ಕೆಂಪು, ಹಸಿರು, ನೀಲಿ ಎಂದು ಬಣ್ಣ ಬದಲಿಸತೊಡಗಿತು. ಚಾಲಕ ಕನ್ನಡಿಯಲ್ಲಿ ಅದನ್ನು ನೋಡಿ, ಬಾಣಂತಿಯನ್ನು ಕರೆದೊಯ್ಯುವವನಂತೆ ಗಾಡಿಯ ವೇಗ ಇಳಿಸಿದ. ಇಂಥದ್ದೊಂದನ್ನು ಮನುಷ್ಯರ ಕೈ ಮಾಡಿದೆ, ಅದೀಗ ತನ್ನದು ಎಂಬುದನ್ನು ನಂಬಲು ಸಂಗನಬಸವನಿಗೆ ಸಿಂಧನೂರಿನವರೆಗಿನ ದಾರಿ ಸಾಲಲಿಲ್ಲ.

ಆರಕ್ಕೆ ಹತ್ತು ನಿಮಿಷವಿತ್ತು. ಠಾಣೆಯ ರೈಟರ್ ಗಂಟು ಬಿಚ್ಚಿ ಪೆನ್ನು ಕೆಳಗಿಟ್ಟ. “ಅಬ್ಬಬ್ಬಾ! ಏನ್ ಚಂದ ಐತ್ರೀ!” ಒಳಗಿದ್ದವರೆಲ್ಲ ಬಂದು ನೋಡಿದರು. ಆಮೇಲೆ ರೈಟರ್ ಅದರ ಕೊರಳಿಗೆ ಸುತಳಿ ಕಟ್ಟಿ, ಚೀಟಿ ಹಚ್ಚಿ, ತುಕ್ಕು ಹಿಡಿದ ಉದ್ದ ಬಂದೂಕುಗಳ ನಡುವೆ ಇಟ್ಟು ಬೀಗ ಹಾಕಿದ.

“ಯಾವಾಗ ವಾಪಸ್ ಕೊಡ್ತೀರಿ?”

“ಈ ಚುನಾವಣೆ ಮುಗೀಲಿ. ಆಮ್ಯಾಗ ಇನ್ನೊಂದು ಬರ್ತದಂತ, ಅದೂ ಮುಗೀಲಿ. ನಿಮ್ಮ ಮನ್ಯಾಗಿಂತ ಇಲ್ಲೇ ಭದ್ರ ಇರ್ತೈತ್ರೀ.”

ಕಿಸೆಯಲ್ಲಿ ರಸೀದಿ ಇಟ್ಟುಕೊಂಡು ಸಂಗನಬಸವ ಮನೆಗೆ ಬಂದ. ಜಂಬಮ್ಮ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು.

“ಮುಂಜಾನಿಂದ ಎರಡ ಸಲ ಲಿಂಗಸೂರಿಗೆ ಹೋಗಿದ್ದಿಯಂತ. ಏನು ತಂದಿಯೋ?”

“ಏನೂ ಇಲ್ಲವ್ವ.”

ಅವ್ವನಿಗೆ ಕೊಟ್ಟ ಮಾತನ್ನು ಸಂಗನಬಸವ ಉಳಿಸಿಕೊಂಡಿದ್ದ.