ಕಲ್ಲಿದ್ದಲು ವ್ಯಾಗನ್ನಿಗೆ ತುಕ್ಕು ಬಳಿದ ಪ್ರಕರಣ

ಸರಕು ಸಾಗಣೆ ಇಲಾಖೆ
ಆಡಳಿತ ಶಾಖೆ, ಎರಡನೇ ಮಹಡಿ

ಸುತ್ತೋಲೆ ಸಂಖ್ಯೆ: ಸಸಾ/ಆಡ/ಪುಟಾಣಿ/14

ವಿಷಯ: ಸಂದರ್ಶಕರ ಕೊಠಡಿಯ ಮಾದರಿ ಸರಕು ರೈಲಿನ ವ್ಯಾಗನ್‌ಗಳ ತಯಾರಿಕೆ, ಬಣ್ಣ, ತುಕ್ಕು ಮತ್ತು ತತ್ಸಂಬಂಧ ಉಂಟಾದ ಮೌನದ ಬಗ್ಗೆ.

ಉಲ್ಲೇಖ: (1) ಇದೇ ವಿಷಯದ ಹಿಂದಿನ ಸುತ್ತೋಲೆ (ಯಾರೂ ಓದಿರುವುದಿಲ್ಲ).
(2) ಮುಖ್ಯಾಧಿಕಾರಿಗಳು ಮೆಟ್ಟಿಲಿಳಿಯುತ್ತಾ ನೀಡಿದ ಮೌಖಿಕ ಆದೇಶ.

ಮೇಲ್ಕಂಡ ವಿಷಯವಾಗಿ ಕಾರಿಡಾರಿನಲ್ಲಿ ಬಾಯಿಗೆ ಬಂದಂತೆ ಮಾತುಗಳು ಹರಿದಾಡುತ್ತಿರುವುದು ಶಾಖೆಯ ಗಮನಕ್ಕೆ ಬಂದಿದ್ದು, ನಡೆದದ್ದು ನಡೆದಂತೆ ಎಲ್ಲರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

1. ಸಂದರ್ಶಕರ ಕೊಠಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಸರಕು ರೈಲೊಂದನ್ನು ಇರಿಸಲು ತೀರ್ಮಾನಿಸಲಾಗಿತ್ತು. ಆಟಿಕೆ ಅಂಗಡಿಯಲ್ಲಿ ವಿಚಾರಿಸಲಾಗಿ, ಅಂಗಡಿಯವನು, "ಗೂಡ್ಸ್ ಡಬ್ಬಿ ಎಲ್ಲಿಂದ ತರ್ಲಿ ಸಾರ್? ಕಿಟಕೀನೇ ಇಲ್ದಿರೋ ಗಾಡಿನ ಯಾವ ಮಗು ಕೇಳುತ್ತೆ?" ಎಂದು ಉತ್ತರಿಸಿದ್ದರಿಂದ ಇಲಾಖೆಯ ಮನಸ್ಸಿಗೆ ನೋವಾಗಿದ್ದು, ವ್ಯಾಗನ್‌ಗಳನ್ನು ಇಲಾಖೆಯಲ್ಲಿಯೇ ತಯಾರಿಸಲು ಆದೇಶಿಸಲಾಯಿತು.

2. ಸದರಿ ಕೆಲಸವನ್ನು ನಕ್ಷೆಗಾರರಿಗೂ, ಬಹುಕಾಲದಿಂದ ಅವರ ಮೇಜಿನ ಇನ್ನೊಂದು ಪಕ್ಕದಲ್ಲಿ ಕುಳಿತುಕೊಳ್ಳುವ ಟಪಾಲು ಗುಮಾಸ್ತೆಗೂ ವಹಿಸಲಾಯಿತು. ನಿಜವಾದ ವ್ಯಾಗನ್ನಿನ ಎಂಬತ್ತೇಳರಲ್ಲಿ ಒಂದು ಪಾಲಿನ ಅಳತೆಗೆ ನಕ್ಷೆಗಾರರು ಕತ್ತರಿಸುವುದು, ಗುಮಾಸ್ತೆ ಅಂಟಿಸುವುದು, ಇಬ್ಬರೂ ಸೇರಿ ಊದಿ ಒಣಗಿಸುವುದು. ಬಣ್ಣ ಬಳಿದು ಅಕ್ಷರ ಬರೆಯುವ ಕೆಲಸವನ್ನು ಮಾತ್ರ ನಕ್ಷೆಗಾರರು ಯಾರಿಗೂ ಬಿಟ್ಟುಕೊಡಲಿಲ್ಲ.

3. ವ್ಯಾಗನ್ನಿನ ಗೋಡೆಗೆ ವಿಲೇವಾರಿಯಾದ ಕಡತಗಳ ರಟ್ಟನ್ನು ಮಾತ್ರ ಬಳಸತಕ್ಕದ್ದೆಂದು ಸೂಚಿಸಲಾಗಿತ್ತು. ಇಲಾಖೆಯಲ್ಲಿ ಯಾವುದೇ ಕಡತ ವಿಲೇವಾರಿಯಾಗಿಲ್ಲವೆಂಬುದು ಆಗಲೇ ಬೆಳಕಿಗೆ ಬಂದಿದ್ದು. ಬೂಟಿನ ಪೆಟ್ಟಿಗೆಗಳನ್ನು ತರಿಸಿ ಇಲಾಖೆಯ ಮಾನ ಉಳಿಸಲಾಯಿತು. ಚಕ್ರಗಳಿಗೆ ಅಂಗಿಯ ಗುಂಡಿಗಳನ್ನು ಉಪಯೋಗಿಸಲಾಗಿದ್ದು, ಲೆಕ್ಕಾಧಿಕಾರಿಗಳು ಎರಡು ದಿನ ಕೋಟು ಬಿಚ್ಚದೆ ಕುಳಿತಿದ್ದಕ್ಕೂ ಇದಕ್ಕೂ ಸಂಬಂಧ ಕಲ್ಪಿಸತಕ್ಕದ್ದಲ್ಲ.

4. ರೈಲು ಸಿದ್ಧವಾಗಿ, ಗಾಜಿನ ಪೆಟ್ಟಿಗೆಗೆ ಬೀಗ ಬಿದ್ದ ಮರುದಿನ ಬೆಳಿಗ್ಗೆ ನಕ್ಷೆಗಾರರು ಮುಖ ಅರಳಿಸಿಕೊಂಡು ನೋಡಲು ಹೋಗಿದ್ದರು. ಅವರು ಕನ್ನಡಿಯಂತೆ ಹೊಳೆಯಿಸಿದ್ದ ಕಲ್ಲಿದ್ದಲು ವ್ಯಾಗನ್ನಿನ ಮೈತುಂಬ ತುಕ್ಕು! ಮೇಜಿನ ಬಳಿ ಗುಮಾಸ್ತೆಯೊಂದಿಗೆ ನಡೆದ ಮಾತುಕತೆ ಈ ರೀತಿ ಇದೆ.

"ಯಾರ್ರೀ ಇದನ್ನ ಮಾಡಿದ್ದು?"

"ನಾನೇ, ನಿನ್ನೆ ಬೀಗ ಹಾಕೋಕೆ ಮುಂಚೆ. ಟೀ ಡಿಕಾಕ್ಷನ್ನು, ಒಂಚೂರು ಇಟ್ಟಿಗೆ ಪುಡಿ. ಕಲ್ಲಿದ್ದಲು ಗಾಡಿ ಮದುಮಗಳ ಥರ ಮಿಂಚಬಾರದು ಸಾರ್."

"ನನ್ನ ಕೆಲಸಕ್ಕೆ ಮಸಿ ಬಳಿದ್ಬಿಟ್ರಲ್ಲ!"

"ಮಸಿ ಅಲ್ಲ, ತುಕ್ಕು."

ಕೀಲಿಕೈಯನ್ನು ತಪಾಸಣೆಯ ದಿನ ಮಾತ್ರ ಹೊರತೆಗೆಯತಕ್ಕದ್ದೆಂದು ಉಲ್ಲೇಖ (1)ರಲ್ಲಿ ವಿಧಿಸಲಾಗಿದ್ದರಿಂದ, ವ್ಯಾಗನ್ನನ್ನು ತೊಳೆಯಲು ಅವಕಾಶವಿರಲಿಲ್ಲ.

5. ಅಂದಿನಿಂದ ಇಬ್ಬರ ನಡುವೆ ಮಾತು ನಿಂತುಹೋಯಿತು. ಮೇಜಿನ ನಡುವೆ ಮರದ ಅಳತೆಪಟ್ಟಿಯೊಂದನ್ನು ಗಡಿಯಾಗಿ ಇರಿಸಲಾಯಿತು. ಅಂಟಿನ ಡಬ್ಬಿ ಗಡಿಯ ಆಚೆ, ಅದರ ಮುಚ್ಚಳ ಈಚೆ ಉಳಿದು ಅಂಟು ಒಣಗಿಹೋಯಿತು. "ಫ್ಯಾನ್ ಜೋರಾಯ್ತು ಅಂತ ಅವರಿಗೆ ಹೇಳಪ್ಪ," ಎಂದು ಮೂರಡಿ ದೂರದಲ್ಲಿದ್ದವರಿಗೆ ಜವಾನನ ಮೂಲಕ ತಿಳಿಯಪಡಿಸಲಾಗುತ್ತಿತ್ತು. ಜವಾನನು ಇದನ್ನು ಪ್ರವಾಸವೆಂದು ಪರಿಗಣಿಸಿ ಭತ್ಯೆ ಕೋರಿರುವ ಅರ್ಜಿಯು ಪರಿಶೀಲನೆಯಲ್ಲಿದೆ.

6. ತಪಾಸಣೆಯ ದಿನ ಮುಖ್ಯಾಧಿಕಾರಿಗಳು ಪೆಟ್ಟಿಗೆ ತೆರೆಸಿ ನೇರವಾಗಿ ಕಲ್ಲಿದ್ದಲು ವ್ಯಾಗನ್ನನ್ನೇ ಎತ್ತಿಕೊಂಡರು. "ಇದೇನ್ರೀ ಇದು, ಇಲಾಖೆ ಮರ್ಯಾದೆ ತೆಗೆಯೋಕೆ ಇಟ್ಟಿದ್ದೀರಾ? ಯಾರ ಕೆಲಸ? ಕಾರಣ ಕೇಳಿ ನೋಟಿಸ್ ಕೊಡಿ," ಎಂದು ವ್ಯಾಗನ್ನನ್ನು ನಕ್ಷೆಗಾರರ ಕೈಗಿತ್ತರು.

ಗುಮಾಸ್ತೆಯ ಹೆಸರು ಅದೇ ತಿಂಗಳ ಬಡ್ತಿ ಪಟ್ಟಿಯಲ್ಲಿತ್ತು. ನೋಟಿಸು ಬಂದರೆ ಪಟ್ಟಿಯಿಂದ ಹೆಸರು ಹೋದಂತೆಯೇ. ಆದಾಗ್ಯೂ ಅವರು ಮುಂದೆ ಬಂದು, "ನಂದೇ ಸಾರ್," ಎಂದರು.

7. ನಕ್ಷೆಗಾರರು ಮೊದಲ ಬಾರಿಗೆ ಆ ತುಕ್ಕನ್ನು ಹತ್ತಿರದಿಂದ ನೋಡಿದರು. ಗಾಜಿನಾಚೆಯಿಂದ ಮೈತುಂಬ ಕಂಡಿದ್ದ ತುಕ್ಕು ಒಂದೇ ಬದಿಯಲ್ಲಿತ್ತು. ಅದೂ ಅವರು ಬರೆದಿದ್ದ ಅಕ್ಕಿಕಾಳಿನಷ್ಟು ಅಕ್ಷರಗಳ ಮೇಲೆ, ಎಲ್ಲೆಲ್ಲಿ ಗೆರೆ ಸೊಟ್ಟಗೆ ಓಡಿತ್ತೋ ಅಲ್ಲಲ್ಲಿಗೆ ಸರಿಯಾಗಿ. ಅಕ್ಷರ ನೆಟ್ಟಗಿದ್ದ ಕಡೆ ಒಂದು ಹನಿಯೂ ಬಿದ್ದಿರಲಿಲ್ಲ. ತಮ್ಮ ಕೈ ನಡುಗುವುದು ಯಾರಿಗೂ ಗೊತ್ತಿಲ್ಲವೆಂದು ಅವರು ಇಡೀ ವರ್ಷ ನಂಬಿಕೊಂಡಿದ್ದರು. ಸುಮ್ಮನಿದ್ದಿದ್ದರೆ ಅವರ ಕುರ್ಚಿಗೆ ಯಾವ ಅಪಾಯವೂ ಇರಲಿಲ್ಲವೆಂಬುದನ್ನು ಇಲ್ಲಿ ನಮೂದಿಸಲಾಗಿದೆ.

"ನೋಟಿಸ್ ಇವರಿಗಲ್ಲ ಸಾರ್," ಎಂದರು ನಕ್ಷೆಗಾರರು. "ನನ್ನ ಕೈ ನಡುಗ್ತಿದೆ, ಒಂದು ವರ್ಷ ಆಯ್ತು. ಅಕ್ಷರ ಕೆಟ್ಟಿತ್ತು. ನಿಮ್ಮ ಕಣ್ಣಿಗೆ ಬೀಳದಿರ್ಲಿ ಅಂತ ಇವರು ಮುಚ್ಚಿದ್ದಾರೆ. ನನಗೂ ಈಗ್ಲೇ ಗೊತ್ತಾಗಿದ್ದು."

ಲೆಕ್ಕಾಧಿಕಾರಿಗಳು ಗೋಡೆ ನೋಡಿದರು. ಜವಾನನು ನೆಲ ನೋಡಿದನು.

8. ಮುಖ್ಯಾಧಿಕಾರಿಗಳು ವ್ಯಾಗನ್ನನ್ನು ಮತ್ತೆ ಪಡೆದು, ಕನ್ನಡಕ ಏರಿಸಿ, ಇಳಿಸಿ, ಬಾಗಿಲವರೆಗೆ ನಡೆದರು. ಮೆಟ್ಟಿಲಿಳಿಯುತ್ತಾ, "ಒಂದಕ್ಕೇ ತುಕ್ಕು ಇದ್ರೆ ಅಸಹ್ಯವಾಗಿ ಕಾಣುತ್ತೆ. ಎಲ್ಲದಕ್ಕೂ ಬಳೀರಿ. ಏಕರೂಪತೆ ಇರ್ಲಿ," ಎಂದು ಆದೇಶಿಸಿದರು. ನೋಟಿಸಿನ ಮಾತೆತ್ತಲಿಲ್ಲ. ವ್ಯಾಗನ್ ಅವರ ಕೋಟಿನ ಜೇಬಿನಲ್ಲಿಯೇ ಹೋಗಿರುವುದಾಗಿ ಶಂಕಿಸಲಾಗಿದೆ.

9. ಮಧ್ಯಾಹ್ನ ನಕ್ಷೆಗಾರರು ಅಳತೆಪಟ್ಟಿಯನ್ನು ಎತ್ತಿ ಡ್ರಾಯರಿನೊಳಗೆ ಇಟ್ಟರು.

"ನನಗೆ ಒಂದು ಮಾತು ಹೇಳಬಾರದಿತ್ತೇನ್ರೀ?"

"ಹೇಳಿದ್ರೆ ಒಪ್ತಿದ್ರಾ?"

"ಇಲ್ಲ."

"ಮತ್ತೆ?"

ನಕ್ಷೆಗಾರರು ತಮ್ಮ ಅತಿ ಸಣ್ಣ ಕುಂಚವನ್ನು ಗುಮಾಸ್ತೆಯ ಕಡೆ ಸರಿಸಿ, "'ರ' ಬರೆಯೋವಾಗ ಉಸಿರು ಹಿಡೀಬೇಡಿ," ಎಂದರು.

10. ಆದುದರಿಂದ ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸುವುದೇನೆಂದರೆ:

(ಅ) ಎಲ್ಲ ವ್ಯಾಗನ್‌ಗಳೂ ತಕ್ಷಣದಿಂದ ತುಕ್ಕು ಹಿಡಿಯತಕ್ಕದ್ದು. ನಿಜವಾದ ತುಕ್ಕು ಅಕ್ರಮವಾಗಿ ಹಿಡಿದಲ್ಲಿ ಅದನ್ನು ಕೆರೆದು, ಮಂಜೂರಾದ ತುಕ್ಕನ್ನು ಬಳಿಯತಕ್ಕದ್ದು.

(ಆ) ಅಕ್ಷರಗಳನ್ನು ಇನ್ನು ಮುಂದೆ ಗುಮಾಸ್ತೆಯೇ ಬರೆಯತಕ್ಕದ್ದು. ನಕ್ಷೆಗಾರರು ಪಕ್ಕದಲ್ಲಿ ಕುಳಿತು ತಪ್ಪು ಹುಡುಕತಕ್ಕದ್ದು. ತಪ್ಪು ಸಿಗದಿದ್ದಲ್ಲಿ ಬೇಸರಿಸತಕ್ಕದ್ದಲ್ಲ.

(ಇ) ನಕ್ಷೆಗಾರರು ಬರೆದ ಹಳೆಯ ಅಕ್ಷರಗಳು ಸೊಟ್ಟಗೆ ಕಂಡಲ್ಲಿ, ರೈಲು ಚಲಿಸುತ್ತಿದೆಯೆಂದು ಭಾವಿಸತಕ್ಕದ್ದು.

(ಈ) ವ್ಯಾಗನ್‌ಗಳಲ್ಲಿ ಬಿಸ್ಕತ್ತಿನ ಚೂರು ತುಂಬಿ ಇರುವೆಗಳಿಗೆ ಸರಕು ಸಾಗಿಸುವುದನ್ನು ಲೆಕ್ಕಶಾಖೆಯು ಈ ಕೂಡಲೇ ನಿಲ್ಲಿಸತಕ್ಕದ್ದು.

(ಸಹಿ)
ಶಾಖಾಧಿಕಾರಿ, ಆಡಳಿತ

ಪ್ರತಿಗಳು:
1. ಮುಖ್ಯಾಧಿಕಾರಿಗಳ ಆಪ್ತ ಸಹಾಯಕರಿಗೆ, ಕೋಟು ಒಗೆಯಲು ಹಾಕುವ ಮುನ್ನ ಜೇಬು ನೋಡುವಂತೆ ಕೋರಿ.
2. ಬಡ್ತಿ ಪಟ್ಟಿಯ ವಿಷಯ ನಿರ್ವಾಹಕರಿಗೆ, ಪಟ್ಟಿಯನ್ನು ಇದ್ದಂತೆಯೇ ಬಿಡುವ ಸೂಚನೆಯೊಂದಿಗೆ.
3. ನರರೋಗ ವೈದ್ಯರಿಗೆ. ನಕ್ಷೆಗಾರರು ಸೋಮವಾರ ಬರುತ್ತಾರೆ. ದಾರಿಯಲ್ಲಿ ತಪ್ಪಿಸಿಕೊಳ್ಳದಂತೆ ಗುಮಾಸ್ತೆ ಜೊತೆಗಿರುತ್ತಾರೆ.
4. ನಕ್ಷೆಗಾರರ ಪತ್ನಿಗೆ: ಪ್ರತಿ ಕಳುಹಿಸಿಲ್ಲ. ಒಂದು ವರ್ಷದಿಂದ ಅವರು ತುಳುಕದಿರಲೆಂದು ಗಂಡನ ಲೋಟಕ್ಕೆ ಅರ್ಧವೇ ಕಾಫಿ ಬಗ್ಗಿಸುತ್ತಿರುವುದಾಗಿ ತಿಳಿದುಬಂದಿದೆ.