ಮೈಲಾಪೂರಿನ ಹೊಂದಲೆ ಹರಟೆಮಲ್ಲ

ನಾನು ಯಾವುದನ್ನೂ ಸುಲಭವಾಗಿ ನಂಬುವವನಲ್ಲ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಕ್ರೋಂಪೇಟೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅದನ್ನೇ ಪಾಠ ಹೇಳುತ್ತಾ ಬಂದಿರುವ ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಇರುವುದು ನನ್ನ ನೆನಪಿನ ಮೇಲೆ. ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲಿಳಿದ ಮೇಲೆ, ಹಾಕಿದೆನೇ ಎಂದು ಮತ್ತೆ ಹತ್ತಿ ಹೋಗಿ ನೋಡುತ್ತೇನೆ. ಕೆಳಗೆ ಬಂದ ಮೇಲೆ, ಹತ್ತಿ ಹೋಗಿ ನೋಡಿದೆನೇ ಎಂದು ಇನ್ನೊಮ್ಮೆ ಹತ್ತುತ್ತೇನೆ. ನನ್ನ ಹೆಂಡತಿ ಶೈಲಜಾ ಇದಕ್ಕೆ ಮರೆವು ಎನ್ನುತ್ತಾಳೆ. ನಾನು ವೈಜ್ಞಾನಿಕ ಮನೋಭಾವ ಎನ್ನುತ್ತೇನೆ.

ಇಂಥ ಮನೋಭಾವದವನಿಗೆ ಪಕ್ಷಿವೀಕ್ಷಣೆಯೇ ತಕ್ಕ ಹವ್ಯಾಸ ಎಂದು ನಿರ್ಧರಿಸಿ ಬೈನಾಕ್ಯುಲರ್ ಕೊಂಡೆ. ಮೈತುಂಬ ಜೇಬುಗಳಿರುವ ಅಂಗಿ ಕೊಂಡೆ. ರೈಲ್ವೆಯಿಂದ ನಿವೃತ್ತರಾದ ಧಾರವಾಡದ ಹಿರೇಮಠರು ಚೆನ್ನೈಯಲ್ಲಿ ನಡೆಸುತ್ತಿದ್ದ ಪಕ್ಷಿವೀಕ್ಷಕರ ಗುಂಪಿಗೂ ಸೇರಿದೆ.

ಮೊದಲ ದಿನವೇ ಹೆಸರು ಮಾಡಿದೆ. ಶೋಳಿಂಗನಲ್ಲೂರಿಗೆ ಹೋಗುವ ದಾರಿಯ ಜೌಗಿನಲ್ಲಿ, ಹುಲ್ಲಿನ ನಡುವೆ ಒಂಟಿಕಾಲಿನಲ್ಲಿ ನಿಂತಿದ್ದ ಅಪರೂಪದ ಕೊಕ್ಕರೆಯೊಂದನ್ನು ಪತ್ತೆ ಹಚ್ಚಿದೆ. ಗುಂಪಿನವರೆಲ್ಲ ಸರದಿಯಲ್ಲಿ ನಿಂತು ದುರ್ಬೀನಿನಲ್ಲಿ ನೋಡಿದರು. ಬಿಸಿಲೇರಿತು. ಹಕ್ಕಿ ಕಾಲು ಬದಲಿಸಲಿಲ್ಲ. ಅದರ ತಾಳ್ಮೆಯ ಬಗ್ಗೆ ನಾನು ನಾಲ್ಕು ಮಾತಾಡಿದೆ. ಕೊನೆಗೆ ಮೀನುಗಾರನೊಬ್ಬ ಬಂದು, ಕೊಕ್ಕರೆಯನ್ನು ಕಿತ್ತು, ಹೆಗಲ ಮೇಲಿಟ್ಟುಕೊಂಡು ಹೋದ! ಅದು ಬಲೆ ಕಟ್ಟಲು ನೆಟ್ಟಿದ್ದ ಪಿವಿಸಿ ಪೈಪು. ತುದಿಗೆ ಬಿಳಿ ಕ್ಯಾರಿಬ್ಯಾಗ್ ಸಿಕ್ಕಿಕೊಂಡಿತ್ತು.

ಇದು ಅಷ್ಟಕ್ಕೇ ಮುಗಿದಿದ್ದರೆ ಚಿಂತೆ ಇರಲಿಲ್ಲ. ಗುಂಪು ಕೋಡಿಯಕ್ಕರೈ ಕಡಲ ತೀರಕ್ಕೆ ನೀರುಹಕ್ಕಿಗಳ ಗಣತಿಗೆ ಹೊರಟಿತ್ತು. ಸಾವಿರಾರು ರಾಜಹಂಸಗಳು, ಅಂದರೆ ಫ್ಲೆಮಿಂಗೋಗಳು, ಬಂದಿಳಿಯುವ ಜಾಗ! ವ್ಯಾನಿನಲ್ಲಿ ಉಳಿದಿದ್ದುದು ಒಂದೇ ಸೀಟು. ನನಗದು ಬೇಕೇ ಬೇಕಿತ್ತು. ಹಿರೇಮಠರು ಕೊಡಲು ಸಿದ್ಧರಿರಲಿಲ್ಲ.

"ಪ್ರೊಫೆಸರ್ರ, ಗಣತಿ ಅಂದ್ರ ಹಕ್ಕಿ ಎಣಿಸೂದ್ರಿ," ಎಂದರು ಅವರು ಒಂದು ಶನಿವಾರ ಮಧ್ಯಾಹ್ನ ಫೋನಿನಲ್ಲಿ. "ನೀವು ಪೈಪು ಎಣಿಸಿ ಕೊಟ್ರ ನಾ ಏನ್ ಬರ್ಕೊಳ್ಳಿ? ಒಂದು ಹಕ್ಕಿ, ಒಂದೇ ಒಂದು, ಸರಿಯಾಗಿ ಗುರುತಿಸಿ ತೋರಸ್ರಿ. ಸೀಟು ನಿಮ್ದು."

ಪೈಪನ್ನು ಕೊಕ್ಕರೆ ಎಂದು ಭಾವಿಸಿದ್ದು ತರ್ಕಬದ್ಧವಾದ ತಪ್ಪು ಎಂದು ನಾನು ಬಹಳ ಹೊತ್ತು ವಾದಿಸಿದೆ. ಅದೇ ಹೊತ್ತಿಗೆ ಶೈಲಜಾ ಅಡುಗೆಮನೆಗೂ ಬಾಲ್ಕನಿಗೂ ಓಡಾಡುತ್ತಾ ಏನೋ ಹೇಳಿದಳು, ನನ್ನ ಕೈಗೆ ಏನೋ ಕೊಟ್ಟಳು, ಆಮೇಲೆ ತೆಗೆದುಕೊಂಡಳು. ಮನೆ ಎಂದ ಮೇಲೆ ಇದೆಲ್ಲ ಇದ್ದದ್ದೇ. ಸಂಜೆ ಅವಳು ತಂಗಿಯ ಸೀಮಂತಕ್ಕೆಂದು ಮೈಸೂರಿನ ರೈಲು ಹತ್ತಿದಳು.

ಸೋಮವಾರ ಬೆಳಿಗ್ಗೆ ನನ್ನ ಅದೃಷ್ಟ ಬಾಲ್ಕನಿಯ ಕಂಬಿಯ ಮೇಲೆ ಬಂದು ಕೂತಿತು.

ಮೈಲಾಪೂರಿನ ನಮ್ಮ ಫ್ಲ್ಯಾಟಿನ ಹಿಂದಿನ ಬೇವಿನ ಮರಕ್ಕೆ ಹರಟೆಮಲ್ಲಗಳ ಹಿಂಡು ದಿನವೂ ಬರುತ್ತದೆ. ಮಣ್ಣುಬಣ್ಣದ, ಮಾಸಲು ಬಿಳಿ ತಲೆಯ, ಸದಾ ಕಿಚಪಿಚ ಜಗಳವಾಡುವ ಹಕ್ಕಿಗಳು. ಕೂಡುಕುಟುಂಬವೊಂದು ಆಸ್ತಿ ಪಾಲು ಮಾಡಿಕೊಳ್ಳುತ್ತಿರುವಂತೆ ಕೇಳಿಸುತ್ತದೆ. ಆದರೆ ಅಂದು ಅವುಗಳ ನಡುವೆ ಇದ್ದ ಒಂದರ ತಲೆ ಹಳದಿ! ಅಂತಿಂಥ ಹಳದಿಯಲ್ಲ, ಚಿನ್ನದ ಟೋಪಿ ಇಟ್ಟಂಥ ಹಳದಿ!

ಹತ್ತನೇ ಕ್ಲಾಸಿನಲ್ಲಿ ಓದುವ ಮಗಳು ನಿಧಿಯನ್ನು ಕೂಗಿ ತೋರಿಸಿದೆ. ಅವಳು ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರಿಸುವವಳು.

"ಅಪ್ಪಾ, ಇದು ನಮ್ಮ ತವಿಟ್ಟುಕ್ಕುರುವಿ ದಾನೇ? ಡೈಲಿ ವರುಮೇ!"

"ದಿನಾ ಬರೋ ಹರಟೆಮಲ್ಲವೇ ಸರಿ. ತಲೆ ನೋಡು!"

"ಏದಾವದು ಪೈಂಟ್ ಆಗಿರುಕ್ಕುಂ," ಎಂದು ಹೇಳಿ ಅವಳು ಟ್ಯೂಷನ್‌ಗೆ ಹೋದಳು.

ಯಾವುದೋ ಪೈಂಟಂತೆ! ವಿಜ್ಞಾನದಲ್ಲಿ ಅವಳ ಅಂಕಗಳು ಯಾಕೆ ಕಡಿಮೆ ಎಂದು ನನಗೆ ಆ ಕ್ಷಣ ಅರ್ಥವಾಯಿತು. ಆದರೂ ಸಂಶಯವಾದಿಯ ಕರ್ತವ್ಯವೆಂದು ಅಕ್ಕಪಕ್ಕದ ಬೀದಿಗಳನ್ನೆಲ್ಲ ಸುತ್ತಿ ನೋಡಿದೆ. ಎಲ್ಲೂ ಯಾರೂ ಹಳದಿ ಬಣ್ಣ ಬಳಿಯುತ್ತಿರಲಿಲ್ಲ. ಹೂವಿನ ಪರಾಗ ಇರಬಹುದೇ ಎಂದು ಬೇವಿನ ಮರ ಅಲುಗಾಡಿಸಿದೆ. ತಲೆಯ ಮೇಲೆ ಕಟ್ಟಿರುವೆ ಬಿದ್ದವು, ಪರಾಗ ಬೀಳಲಿಲ್ಲ. ಎಲ್ಲ ಸಾಧ್ಯತೆಗಳೂ ಮುಗಿದವು. ಹಾಗಾದರೆ ಇದು ವಿಜ್ಞಾನಕ್ಕೆ ಈವರೆಗೆ ಕಾಣದ ಹಕ್ಕಿ! ಅದಕ್ಕೆ 'ಹೊಂದಲೆ ಹರಟೆಮಲ್ಲ' ಎಂದು ಅಲ್ಲೇ ನಾಮಕರಣ ಮಾಡಿದೆ. ಲ್ಯಾಟಿನ್ ಹೆಸರಿನ ಕೊನೆಗೆ ನನ್ನ ಮನೆತನದ ಹೆಸರು ಕೂತರೆ ಹೇಗೆ ಕೇಳಿಸುತ್ತದೆ ಎಂದು ಬಚ್ಚಲುಮನೆಯಲ್ಲಿ ಗಟ್ಟಿಯಾಗಿ ಹೇಳಿಯೂ ನೋಡಿದೆ. ಚೆನ್ನಾಗಿ ಕೇಳಿಸಿತು.

ಹಕ್ಕಿ ಹಾರಿಹೋದೀತು ಎಂಬ ಭಯಕ್ಕೆ ಕಿಟಕಿಯ ಸೊಳ್ಳೆ ಪರದೆಯ ಹಿಂದಿನಿಂದಲೇ ಫೋಟೋ ತೆಗೆದು ಹಿರೇಮಠರಿಗೆ ಕಳಿಸಿದೆ. ತಕ್ಷಣ ಫೋನು ಬಂತು.

"ಏನ್ರೀ ಇದು, ಹಕ್ಕಿಗೆ ಚೌಕಳಿ ಲುಂಗಿ ಉಡಿಸೀರಿ?"

"ಅದು ಸೊಳ್ಳೆ ಪರದೆ ಸಾರ್. ತಲೆ ನೋಡಿ, ತಲೆ!"

ಅವರು ಫೋಟೋ ಹಿಗ್ಗಿಸಿ ನೋಡಿದರೆಂದು ಕಾಣುತ್ತದೆ. "ಹೌದಲ್ರೀ! ಹಳದಿ ಐತಿ. ವಿಶ್ವವಿದ್ಯಾಲಯದಾಗ ಆನಂದಿ ಮೇಡಂ ಅಂತ ಅದಾರ, ಈ ಹರಟೆಮಲ್ಲಗಳ ಮ್ಯಾಲೇ ಸಂಶೋಧನೆ ಮಾಡಾಕತ್ತಾರ. ಭಾನುವಾರ ಅವರನ್ನ ಕರ್ಕೊಂಡು ಬರ್ತೇನಿ. ಆದ್ರ ಒಂದು ಮಾತು. ನಿಮ್ಮೊಬ್ಬರದ ಮಾತು ನಡ್ಯಂಗಿಲ್ಲ. ಇನ್ನೊಬ್ಬರು ಸಾಕ್ಷಿ ಬೇಕು."

ನನಗೆ ಹಿಡಿಸಿದ ನಿಯಮ! ಮನುಷ್ಯನ ನೆನಪು ನಂಬತಕ್ಕದ್ದಲ್ಲ. ಎರಡನೆಯ ಸಾಕ್ಷಿ ಬೇಕೇ ಬೇಕು, ಅದೂ ಮೊದಲನೆಯವನ ಮಾತಿನ ಸೋಂಕಿಲ್ಲದ ಸಾಕ್ಷಿ. ಶೈಲಜಾ ಭಾನುವಾರ ಬೆಳಿಗ್ಗೆ ಊರಿಂದ ಬರುವವಳಿದ್ದಳು. ಅವಳು ಬ್ಯಾಂಕಿನಲ್ಲಿ ಆಫೀಸರ್. ಅವಳಿಗಿಂತ ವಿಶ್ವಾಸಾರ್ಹ ಸಾಕ್ಷಿ ಎಲ್ಲಿ ಸಿಕ್ಕೀತು? ಫೋನು ಮಾಡಿದೆ.

"ಶೈಲೂ, ಬಾಲ್ಕನಿಗೆ ಒಂದು ಹಕ್ಕಿ ಬರ್ತಾ ಇದೆ. ತಲೆಯೆಲ್ಲ ಹಳದಿ. ಭಾನುವಾರ ಅದನ್ನ ನೋಡೋಕೆ ದೊಡ್ಡ ವಿಜ್ಞಾನಿ ಬರ್ತಿದಾರೆ."

"ಅಯ್ಯೋ ರೀ, ಅದು ನಾವು ಅವತ್ತು..."

"ನಿಲ್ಲಿಸು!" ಎಂದು ಕೂಗಿದೆ. "ಒಂದಕ್ಷರ ಆಡಬೇಡ. ನೀನು ನನಗೆ ಹೇಳಿದರೆ ನನ್ನ ಸಾಕ್ಷಿ ಕೆಡುತ್ತೆ, ನಾನು ನಿನಗೆ ಹೇಳಿದರೆ ನಿನ್ನದು ಕೆಡುತ್ತೆ."

"ರೀ, ಕೇಳಿಲ್ಲಿ ಸ್ವಲ್ಪ..."

"ವಿಜ್ಞಾನ ಶೈಲೂ, ವಿಜ್ಞಾನ! ಭಾನುವಾರ ಅವರು ಕೇಳಿದಾಗ ಮಾತ್ರ ಬಾಯಿಬಿಡು."

"ಸರಿ ಬಿಡಿ," ಎಂದಳು ಅವಳು. ದನಿ ಯಾಕೋ ತುಂಬ ಶಾಂತವಾಗಿತ್ತು. "ಕೇಳಿದಾಗಲೇ ಹೇಳ್ತೀನಿ."

ಮದುವೆಯಾದ ಮೇಲೆ ಅವಳು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದು ಅದೊಂದೇ ಸಲ!

ಭಾನುವಾರ ಬಂತು. ಜೇಬಿನ ಅಂಗಿ ತೊಟ್ಟು ನಿಂತೆ. ಹಿರೇಮಠರು ಬಂದರು, ದುರ್ಬೀನು, ಕ್ಯಾಮೆರಾ ಹೊತ್ತು ಡಾಕ್ಟರ್ ಆನಂದಿ ಬಂದರು. ಅವರಿಗೆ ಕನ್ನಡ ಬಾರದು. ನಿಧಿಯನ್ನು ಅನುವಾದಕಳಾಗಿ ನೇಮಿಸಿದೆ. ಶೈಲಜಾ ರೈಲಿನಿಂದ ಆಗಷ್ಟೇ ಬಂದು ಒಳಗೆ ಕಾಫಿ ಬೆರೆಸುತ್ತಿದ್ದಳು. ನನ್ನನ್ನು ನೋಡಿ ಒಂದು ಮಾತೂ ಆಡಲಿಲ್ಲ. ನಿಷ್ಪಕ್ಷಪಾತ ಸಾಕ್ಷಿ!

ಹಿಂಡು ಬಂತು. ಹೊಂದಲೆಯೂ ಬಂತು! ಟೋಪಿ ಸ್ವಲ್ಪ ಮಾಸಿತ್ತು, ಆದರೂ ಹಳದಿ ಹಳದಿಯೇ. ಆನಂದಿ ಮೇಡಂ ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದರು. ಹಿರೇಮಠರು ನನ್ನ ಬೆನ್ನು ತಟ್ಟಿ, "ಸೀಟು ನಿಮ್ದ್ರಿ ಪ್ರೊಫೆಸರ್ರ," ಎಂದು ಪಿಸುಗುಟ್ಟಿದರು. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ನಾನು ವಿಧಿವಿಧಾನ ಬಿಡುವವನೇ?

"ಎರಡನೇ ಸಾಕ್ಷಿಯ ವಿಚಾರಣೆ ಆಗಿಲ್ಲ," ಎಂದೆ ಗಂಭೀರವಾಗಿ.

ಶೈಲಜಾ ಕಾಫಿ ತಟ್ಟೆ ಹಿಡಿದು ಬಾಲ್ಕನಿಗೆ ಬಂದಳು. ಉಳಿದ ಹಕ್ಕಿಗಳೆಲ್ಲ ಪುರ್ರೆಂದು ಹಾರಿದವು. ಹೊಂದಲೆ ಮಾತ್ರ ಕುಪ್ಪಳಿಸಿಕೊಂಡು ಅವಳ ಕಾಲ ಬಳಿಗೇ ಬಂತು. ಹಿರೇಮಠರ ಹುಬ್ಬು ಮೇಲೇರಿತು.

"ಅಕ್ಕಾರ, ಈ ಹಕ್ಕಿನ ನೀವು ಮೊದಲನೇ ಸಲ ಯಾವಾಗ ನೋಡಿದ್ರಿ?"

"ನಾನು ಊರಿಗೆ ಹೊರಟ ಶನಿವಾರ ಮಧ್ಯಾಹ್ನ."

"ಆಗ ತಲಿ ಹಳದಿ ಇತ್ತೇನ್ರಿ?"

"ಇಲ್ಲ, ರಕ್ತ ಇತ್ತು. ಕಾಗೆ ಕುಕ್ಕಿತ್ತು ಪಾಪ. ಹಳದಿ ಆಗಿದ್ದು ನಾನು ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿದ ಮೇಲೆ."

ಹಿರೇಮಠರು ನಕ್ಕರು. ಕಾಫಿ ಚೆಲ್ಲುವಂತೆ ನಕ್ಕರು. ಅವರ ನಗು ನಿಲ್ಲುವ ಹೊತ್ತಿಗೆ ನಿಧಿಯ ತಮಿಳು ಅನುವಾದ ಮುಗಿದು ಆನಂದಿ ಮೇಡಂ ನಗಲು ಶುರುಮಾಡಿದರು. ನನ್ನ ಮಾನ ಎರಡು ಭಾಷೆಗಳಲ್ಲಿ, ಎರಡು ಕಂತುಗಳಲ್ಲಿ ಹೋಯಿತು.

"ಒಬ್ಬಳೇ ಇದ್ದಾಗ ಇಷ್ಟೆಲ್ಲ ಮಾಡಿದೆ. ಆಮೇಲಾದರೂ ನನಗೆ ಹೇಳಬಾರದಿತ್ತೇ?" ಎಂದೆ ಕೊನೆಯ ಆಸರೆ ಹುಡುಕುತ್ತಾ.

"ಒಬ್ಬಳೇ ಎಲ್ಲಿದ್ದೆ? ಟವೆಲಲ್ಲಿ ಸುತ್ತಿ ನಿಮ್ಮ ಕೈಗೇ ಕೊಟ್ಟಿದ್ದೆ. 'ಗಟ್ಟಿಯಾಗಿ ಹಿಡ್ಕೊಳ್ಳಿ, ತಲೆಗೆ ಅರಿಶಿನ ಹಚ್ತೀನಿ' ಅಂದೆ. 'ಹೂಂ' ಅಂದ್ರಿ. ಫೋನಲ್ಲಿ ಯಾರ ಜೊತೆಗೋ ಜಗಳ ಆಡ್ತಿದ್ರಿ."

"ನನ್ನ ಜೋಡೀನ್ರೀ!" ಎಂದು ಹಿರೇಮಠರು ಕಣ್ಣೊರೆಸಿಕೊಂಡರು. "'ಕಣ್ಣಮುಂದ ಇರೋದನ್ನ ನಾನು ಎಂದೂ ತಪ್ಪಿಸಂಗಿಲ್ಲ' ಅಂತ ಒದರಾಕತ್ತಿದ್ರು. ನಡುವ ಏನೋ ಕಿಚಪಿಚ ಕೇಳಸ್ತಿತ್ತು. ನಿಮ್ಮನ್ಯಾಗ ಟಿವಿ ಹಚ್ಚೀರಿ ಅನ್ಕೊಂಡಿದ್ದೆ!"

ಆಗ ನನಗೂ ಅಂಗೈಯಲ್ಲಿ ಏನೋ ಬೆಚ್ಚಗೆ ಮಿಸುಕಾಡಿದ ನೆನಪು ಬಂದಂತಾಯಿತು. ನಿಜವಾದ ನೆನಪೋ, ಇವರ ಮಾತು ಕೇಳಿ ಹುಟ್ಟಿದ್ದೋ? ಹೇಳಲಾರೆ. ವಿಜ್ಞಾನಕ್ಕೆ ಈವರೆಗೆ ಕಾಣದ ಹಕ್ಕಿ ಎಂದಿದ್ದೆ. ಕಾಣದೇ ಇದ್ದುದು ನನಗೆ ಮಾತ್ರ, ಅದೂ ಕೈಯಲ್ಲಿ ಹಿಡಿದುಕೊಂಡೇ!

ಆನಂದಿ ಮೇಡಂ ಬಗ್ಗಿ ಹಕ್ಕಿಯ ತಲೆ ನೋಡಿ, ಗಾಯ ಚೆನ್ನಾಗಿ ಮಾಗಿದೆ, ಆದರೆ ಎಣ್ಣೆ ಹಚ್ಚಿದರೆ ಗರಿ ಅಂಟಿಕೊಳ್ಳುತ್ತದೆ, ಇನ್ನುಮುಂದೆ ಬೇಡ ಎಂದು ತಮಿಳಿನಲ್ಲಿ ಹೇಳಿದರು. ಶೈಲಜಾ ಒಪ್ಪಿ ನಾಲ್ಕು ಪ್ರಶ್ನೆ ಕೇಳಿದಳು. ಅವರು ಉತ್ತರಿಸಿದರು. ಇಬ್ಬರೂ ಅಲ್ಲೇ ಕೂತು ಮಾತಾಡತೊಡಗಿದರು. ನಾನು ಕಾಫಿ ಲೋಟ ಎತ್ತಿಟ್ಟೆ.

ಹೊರಡುವಾಗ ಹಿರೇಮಠರು ಬಾಗಿಲಲ್ಲಿ ನಿಂತರು. "ಅಕ್ಕಾರ, ನೋಡಿದ್ದನ್ನ ನೋಡಿದಂಗ ಹೇಳೋರು ಗಣತಿಗೆ ಬೇಕ್ರಿ. ವ್ಯಾನಿನ್ಯಾಗ ಒಂದು ಸೀಟು ಐತಿ. ಬರ್ತೀರೇನು?"

"ಬ್ಯಾಂಕಲ್ಲಿ ರಜೆ ಕೇಳ್ತೀನಿ," ಎಂದಳು ಶೈಲಜಾ. ನನ್ನ ಕಡೆ ತಿರುಗಿ, "ನಿಮ್ಮ ಬೈನಾಕ್ಯುಲರ್ ಕೊಡ್ತೀರಾ ರೀ?"

ಕೊಟ್ಟೆ. ಜೇಬಿನ ಅಂಗಿಯನ್ನೂ ಕೇಳಿದಳು. ಕೊಟ್ಟೆ.

ಈಗ ಅವಳು ಕೋಡಿಯಕ್ಕರೈಯಲ್ಲಿದ್ದಾಳೆ. ಇಂದು ಬೆಳಿಗ್ಗೆ ಒಂದು ಫೋಟೋ ಕಳಿಸಿದಳು: ನೀರಿನ ತುಂಬ ರಾಜಹಂಸಗಳು, ಎಲ್ಲವೂ ಒಂದೇ ಸಮ ಗುಲಾಬಿ! ನನ್ನ ವೈಜ್ಞಾನಿಕ ಮನೋಭಾವ ತಟ್ಟನೆ ಎಚ್ಚರಗೊಂಡಿತು.

"ಇವಕ್ಕೆ ಯಾರು ಏನು ಹಚ್ಚಿದರು?" ಎಂದು ಕೇಳಿದೆ.

"ನಾನಲ್ಲ. ಇಷ್ಟೊಂದು ಟವೆಲ್ ಯಾರು ಹಿಡಿಯೋರು?" ಎಂದು ಉತ್ತರ ಬಂತು.

ಅವಳ ಮಾತನ್ನು ನಂಬುತ್ತೇನೆ. ಆದರೂ ಒಮ್ಮೆ ಎದ್ದು ಹೋಗಿ ನನ್ನ ಕೈಗಳನ್ನು ದೀಪದ ಕೆಳಗೆ ಹಿಡಿದು ನೋಡಿಕೊಂಡೆ. ಗುಲಾಬಿ ಬಣ್ಣ ಇರಲಿಲ್ಲ. ಈಗ ಮತ್ತೆ ಎದ್ದಿದ್ದೇನೆ. ನಿಜವಾಗಿ ನೋಡಿಕೊಂಡೆನೇ ಎಂದು ನೋಡಬೇಕು.