ಇಪ್ಪತ್ತೈದು ಜೊತೆ ಕೆಂಪು ಕಣ್ಣು

ಇಷ್ಟಕ್ಕೆಲ್ಲ ಕಾರಣ ಒಂದು ಕ್ಯಾಮೆರಾದ ಫ್ಲ್ಯಾಶ್. ಅದನ್ನು ಒತ್ತಿದವನು ಸ್ತಾಮೆನ್ ತಾನೇ. ಹಾಗಾಗಿ ಬೈಯಲಿಕ್ಕೂ ಬೇರೆ ಯಾರೂ ಇರಲಿಲ್ಲ.

ಅವನ ಹೆಂಡತಿ ರಾಯ್ನಾ ತೀರಿಕೊಂಡು ಆ ಶನಿವಾರಕ್ಕೆ ನಲವತ್ತು ದಿನ. ಸತ್ತವರ ಫೋಟೋ, ಹೆಸರು, ಪ್ರಾರ್ಥನೆಯ ಹೊತ್ತು ಎಲ್ಲ ಅಚ್ಚು ಹಾಕಿಸಿದ ಕಾಗದವನ್ನು ಊರ ಕಂಬ, ಗೋಡೆ, ಗೇಟುಗಳಿಗೆ ಅಂಟಿಸುವುದು ಅಲ್ಲಿಯ ವಾಡಿಕೆ. ಹತ್ತಾರು ವರ್ಷಗಳಿಂದ ಅಂಟಿಸಿ ಅಂಟಿಸಿ, ಈಗ ಊರಲ್ಲಿ ಓಡಾಡುವವರಿಗಿಂತ ಗೋಡೆಯ ಮೇಲಿರುವವರೇ ಹೆಚ್ಚಾಗಿದ್ದರು. ಎಲ್ಲರೂ ಕಪ್ಪು ಬಿಳುಪು.

"ನೋಡಿಲ್ಲಿ, ಎಲ್ಲಾ ಪೊಲೀಸರು ಹುಡುಕ್ತಿರೋ ಕಳ್ಳರ ಥರ ಇದಾರೆ," ಎಂದು ರಾಯ್ನಾ ಒಮ್ಮೆ ಬಸ್ ನಿಲ್ದಾಣದಲ್ಲಿ ನಕ್ಕಿದ್ದಳು. "ನಾನು ಸತ್ರೆ ಬಣ್ಣದ್ದೇ ಹಾಕ್ಸು. ಹಳದಿ ಸ್ವೆಟರ್‌ದು."

ಆಗ ಅವಳಿಗೆ ಮೂವತ್ತಮೂರು. ಸಾಯುವಾಗ ಮೂವತ್ತನಾಲ್ಕು. ಬಟ್ಟೆ ಒಣಹಾಕುತ್ತಿದ್ದವಳು ಹಗ್ಗ ಹಿಡಿದುಕೊಂಡೇ ಕುಸಿದಿದ್ದಳು.

ಸ್ತಾಮೆನ್ ಹಳದಿ ಸ್ವೆಟರಿನ ಫೋಟೋವನ್ನೇ ಪಟ್ಟಣದ ಅಚ್ಚುಕೂಟಕ್ಕೆ ಕಳಿಸಿದ. ಜೊತೆಗೆ ಒಂದು ಚೀಟಿ: 'ಏನನ್ನೂ ತಿದ್ದಬೇಡಿ.' ಅದಕ್ಕೂ ಕಾರಣವಿತ್ತು. ಕಳೆದ ವರ್ಷ ಕುರಿ ಕಾಯುವ ಮಿತ್ಕೊ ಸತ್ತಾಗ ಅಚ್ಚುಕೂಟದವರು ತಾವಾಗಿಯೇ ಅವನಿಗೆ ಕೋಟು ಟೈ ತೊಡಿಸಿಬಿಟ್ಟಿದ್ದರು. ಅವನ ನಾಯಿಯೊಂದನ್ನು ಬಿಟ್ಟು ಯಾರೂ ಗುರುತು ಹಿಡಿದಿರಲಿಲ್ಲ.

ಕಟ್ಟು ಶುಕ್ರವಾರ ಸಂಜೆಯ ಬಸ್ಸಿಗೆ ಬಂತು. ಇಪ್ಪತ್ತನಾಲ್ಕು ಪ್ರತಿ. ಮಾರನೆಯ ದಿನ ಬೆಳಕು ಹರಿಯುವಾಗ ಸ್ತಾಮೆನ್ ಮೈದಾಹಿಟ್ಟಿನ ಅಂಟು ಕಾಯಿಸಿ ಡಬ್ಬಿಗೆ ತುಂಬಿಕೊಂಡು ಹೊರಟ. ಅವನು ಊರಿನ ಅಂಚೆಯವನು. ಯಾವ ಗೇಟಿನ ಹಿಂದೆ ಯಾವ ನಾಯಿ ಎನ್ನುವುದೂ ಅವನಿಗೆ ಬಾಯಿಪಾಠ. ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು. ಆದರೆ ಇಪ್ಪತ್ತನಾಲ್ಕರಲ್ಲಿ ಒಂದನ್ನೂ ಅವನು ಕಣ್ಣೆತ್ತಿ ನೋಡಲಿಲ್ಲ. ಕಾಗದವನ್ನು ಮಗುಚಿ ಹಿಡಿದು, ಬೆನ್ನಿಗೆ ಅಂಟು ಬಳಿದು, ಗೋಡೆಗೆ ಒತ್ತಿ, ತಾನು ರಸ್ತೆಯ ಕಡೆ ತಿರುಗಿಕೊಂಡು ಅಂಗೈಯಲ್ಲಿ ಸವರುತ್ತಿದ್ದ. ರಕ್ತ ಕಂಡರಾಗದ ಡಾಕ್ಟರು ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ.

ಮುಖ ನೋಡಿದರೆ ಏನಾಗುತ್ತದೋ ಎಂಬ ಭಯ ಒಂದು ಕಡೆ. ಏನೂ ಆಗದಿದ್ದರೆ ಎಂಬ ಭಯ ಇನ್ನೊಂದು ಕಡೆ. ಏಕೆಂದರೆ ಅವನು ಈವರೆಗೆ ಅತ್ತಿರಲಿಲ್ಲ. ಶವದ ಮುಂದೆ ಅಳಲಿಲ್ಲ, ಗುಂಡಿಯ ಮುಂದೆ ಅಳಲಿಲ್ಲ. ಅಳಬಾರದೆಂದಲ್ಲ, ಬರಲಿಲ್ಲ, ಬರಬೇಕಾದ ಪಾರ್ಸೆಲ್ಲು ದಾರಿಯಲ್ಲೆಲ್ಲೋ ಸಿಕ್ಕಿಕೊಂಡ ಹಾಗೆ. "ನಲವತ್ತು ದಿನ ಒಣಗಣ್ಣು! ಇದೆಂಥ ಗಂಡಸು," ಎಂದು ಊರು ಆಡಿಕೊಂಡಿತ್ತು. ಪಕ್ಕದ ಮನೆಯ ಗಿನ್ಕಾ ಅಜ್ಜಿಯಂತೂ ಮಣ್ಣು ಮಾಡುವಾಗ ಅವನ ಜೇಬಿಗೆ ಅರ್ಧ ಈರುಳ್ಳಿ ತುರುಕಿದ್ದಳು.

ಏಳು ಗಂಟೆಗೆ ಅದೇ ಅಜ್ಜಿಯ ಕಿರುಚಾಟ ಕೇಳಿಸಿತು.

"ಸ್ತಾಮೆನ್! ಲೋ ಸ್ತಾಮೆನ್! ನಿನ್ನ ಹೆಂಡ್ತಿ ನನ್ನ ದುರುಗುಟ್ಟಿ ನೋಡ್ತಾ ಇದಾಳೋ!"

ಅವನು ಓಡಿಬಂದ. ಅಜ್ಜಿ ಕಂಬದಿಂದ ಹತ್ತು ಹೆಜ್ಜೆ ದೂರ ನಿಂತು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು. ಸ್ತಾಮೆನ್ ಮೊದಲ ಬಾರಿಗೆ ಕಾಗದದ ಕಡೆ ನೋಡಿದ. ಹಳದಿ ಸ್ವೆಟರ್ ಇತ್ತು. ನಗು ಇತ್ತು. ಕಣ್ಣುಗಳ ಜಾಗದಲ್ಲಿ ಮಾತ್ರ ಎರಡು ಕೆಂಡ ಉರಿಯುತ್ತಿದ್ದವು.

ಕ್ಯಾಮೆರಾದ ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಇದು ಅವನಿಗೆ ಕಂಡಿರಲಿಲ್ಲ.

"ಅಚ್ಚಿನ ತಪ್ಪು ಇರಬೇಕು ಅಜ್ಜಿ."

"ಅಚ್ಚಿನ ತಪ್ಪಂತೆ! ಟಿವಿ ನೋಡಲ್ವಾ ನೀನು? ದೆವ್ವ ಹೊಕ್ಕವರಿಗೆಲ್ಲ ಹಿಂಗೇ ಕಣ್ಣು. ನಲವತ್ತು ದಿನಕ್ಕೆ ಎದ್ದು ಬರ್ತಾರೆ ಅಂತ ನಮ್ಮಮ್ಮ ಹೇಳೋಳು. ಇವತ್ತೆಷ್ಟು ದಿನ? ಹೇಳು, ಎಷ್ಟು?"

"ನಲವತ್ತು."

"ಮತ್ತೆ! ಬೆಕ್ಕು ದಾಟಿದ ಹೆಣ ದೆವ್ವ ಆಗುತ್ತೆ. ಇವಳನ್ನ ಮಲಗಿಸಿದ್ದಾಗ ಮೇಲೆ ಬೆಕ್ಕು ದಾಟಿತ್ತು. ನಾನೇ ನೋಡ್ದೆ."

"ಅದು ನಿಮ್ಮ ಬೆಕ್ಕೇ ಅಲ್ವಾ ಅಜ್ಜಿ?"

"ನನ್ನ ಬೆಕ್ಕಾಗಿದ್ದಕ್ಕೇ ನಂಗೆ ಗೊತ್ತು! ಅದು ಸುಮ್ ಸುಮ್ನೆ ದಾಟೋ ಬೆಕ್ಕಲ್ಲ."

ಎಂಟು ಗಂಟೆಯ ಹೊತ್ತಿಗೆ ವಿತಾನನ ಅಂಗಡಿಯಲ್ಲಿ ದೆವ್ವ ಓಡಿಸುವ ಬೆಳ್ಳುಳ್ಳಿ ಖಾಲಿಯಾಗಿತ್ತು. ಬಸ್ಸಿನ ಡ್ರೈವರು ನಿಲ್ದಾಣದ ಹತ್ತಿರ ನಿಧಾನ ಮಾಡಿ, ಗೋಡೆ ನೋಡಿ, ಶಿಲುಬೆಯ ಗುರುತು ಮಾಡಿಕೊಂಡು ಹಾಗೇ ಹೊರಟುಹೋದ. ಪಟ್ಟಣಕ್ಕೆ ಹಲ್ಲು ಕೀಳಿಸಲು ಹೊರಟಿದ್ದ ಇಬ್ಬರು ಹಲ್ಲಿನ ಸಮೇತ ಊರಲ್ಲೇ ಉಳಿದರು.

ಅಚ್ಚುಕೂಟಕ್ಕೆ ಫೋನು ಮಾಡೋಣವೆಂದು ಸ್ತಾಮೆನ್ ಅಂಗಡಿಗೆ ಹೋದರೆ, ನಿವೃತ್ತ ಶಾಲಾ ಮಾಸ್ತರು ದ್ರಾಗಾನೊವ್ ಕಾಫಿ ಕುಡಿಯುತ್ತ ಪಾಠ ಮಾಡುತ್ತಿದ್ದರು.

"ಕತೆಗಳಲ್ಲಿ ಕೆಟ್ಟವರ ಕಣ್ಣು ಯಾವಾಗಲೂ ಕೆಂಪೇ. ಬರೆಯೋರಿಗೆ ಅದು ಅನುಕೂಲ. ಇವನು ಕೆಟ್ಟವನು ಅಂತ ಹತ್ತು ಪುಟ ಯಾರು ಬರೀತಾರೆ? ಕಣ್ಣು ಕೆಂಡದ ಹಾಗಿತ್ತು ಅಂತ ಒಂದು ಸಾಲು ಬರೆದ್ರೆ ಮುಗೀತು."

"ಅಂದ್ರೆ ಇದೆಲ್ಲ ನಿಜಾನಾ ಮೇಷ್ಟ್ರೇ?" ವಿತಾನ್ ಕೇಳಿದ.

"ಸಾಹಿತ್ಯದಲ್ಲಿ ನಿಜ."

"ನೋಡಿ, ಓದಿದೋರೇ ನಿಜ ಅಂತಿದಾರೆ," ಎಂದು ವಿತಾನ್ ಸಾಲಿನಲ್ಲಿದ್ದವರಿಗೆ ಸಾರಿದ.

"ಮೇಷ್ಟ್ರೇ, ರಾಯ್ನಾ ನಿಮ್ಮ ಹತ್ರಾನೇ ಓದಿದ್ದಲ್ವಾ?" ಸ್ತಾಮೆನ್ ಮೆಲ್ಲಗೆ ಕೇಳಿದ.

"ಹೌದಪ್ಪ. ಒಳ್ಳೆ ಹುಡುಗಿ." ಮಾಸ್ತರು ಲೋಟ ಕೆಳಗಿಟ್ಟರು. "ಗಣಿತ ಬರ್ತಿರಲಿಲ್ಲ."

ಅಚ್ಚುಕೂಟದ ಹುಡುಗಿ ಫೋನಿನಲ್ಲಿ ಅವನ ಮಾತು ಪೂರ್ತಿ ಕೇಳಿಸಿಕೊಂಡಳು.

"ಅಯ್ಯೋ ಅಣ್ಣಾ, ಅದು ಫ್ಲ್ಯಾಶಿಂದ ಆಗೋದು. ಬೆಳಕು ಕಣ್ಣೊಳಗೆ ಹೋಗಿ, ಹಿಂದಿರೋ ರಕ್ತದ ಬಣ್ಣ ಹೊತ್ಕೊಂಡು ವಾಪಸ್ ಬರುತ್ತೆ. ನಾವು ದಿನಾ ಅಳಿಸ್ತೀವಿ. ನೀವೇ ತಿದ್ದಬೇಡಿ ಅಂತ ಬರೆದಿದ್ರಲ್ಲ."

"ಹಾಗಾದ್ರೆ ಎಲ್ಲರಿಗೂ ಹಿಂಗೆ ಆಗುತ್ತಾ?"

"ಆ ಕಡೆ ಈ ಕಡೆ ನೋಡ್ತಿದ್ರೆ ಆಗಲ್ಲ. ಫೋಟೋ ತೆಗೆಯೋರನ್ನೇ ನೇರವಾಗಿ ನೋಡ್ತಿದ್ರೆ ಆಗುತ್ತೆ. ಯಾರು ತೆಗೆದಿದ್ದು?"

"ನಾನೇ."

"ಹಾಗಾದ್ರೆ ನಿಮ್ಮನ್ನೇ ನೋಡ್ತಿದ್ರು. ಹೊಸದು ಮಾಡ್ಕೊಡ್ಲಾ? ಸೋಮವಾರದ ಬಸ್ಸಿಗೆ ಕಳಿಸ್ತೀನಿ."

ಅವನು ಬೇಡವೆಂದನೋ ಬೇಕೆಂದನೋ ಅವನಿಗೇ ನೆನಪಿಲ್ಲ. ಫೋನಿಟ್ಟು ತಿರುಗಿದರೆ ಪಾದ್ರಿ ಎವ್ತಿಮಿ ಬಾಗಿಲಲ್ಲಿ ನಿಂತಿದ್ದರು.

"ಸ್ತಾಮೆನ್, ನಾನು ದೇವರ ಮನುಷ್ಯ. ಇಂಥದ್ದನ್ನೆಲ್ಲ ನಂಬಲ್ಲ," ಎಂದರು. "ಆದ್ರೂ ಸ್ಮಶಾನದ ಗೇಟಿಗೆ ಎರಡು ಸಲ ತೀರ್ಥ ಹಾಕಿ ಬಂದೆ. ಜನರ ಸಮಾಧಾನಕ್ಕೆ."

"ಹನ್ನೆರಡಕ್ಕೆ ಪ್ರಾರ್ಥನೆಗೆ ಜನ ಬರ್ತಾರಲ್ವಾ ಪಾದ್ರಿಗಳೇ?"

"ಗೋಡೆ ಮೇಲೆ ಆ ಕಣ್ಣಿರೋವರೆಗೂ ಒಬ್ಬರೂ ಮನೆ ಬಿಟ್ಟು ಹೊರಗೆ ಬರಲ್ಲ. ಕಿತ್ತು ಹಾಕು, ಇಲ್ಲ ಮಸಿ ಬಳಿ."

ಸಕ್ಕರೆ ಹಾಕಿ ಬೇಯಿಸಿದ ಗೋಧಿಯನ್ನು ಗೋರಿಯ ಬಳಿ ಹಂಚಬೇಕು. ಬಂದವರು ಒಂದೊಂದು ಚಮಚ ತಿಂದು "ದೇವರು ಕ್ಷಮಿಸಲಿ" ಎನ್ನಬೇಕು. ಆಗಲೇ ಸತ್ತವರ ಆತ್ಮಕ್ಕೆ ದಾರಿ. ಗಂಡ ತಿಂದರೆ ಸಾಲದು; ಊರು ತಿನ್ನಬೇಕು. ಯಾರೂ ತಿನ್ನದಿದ್ದರೆ ಅವಳು ಎಲ್ಲಿ ನಿಂತಿದ್ದಾಳೋ ಅಲ್ಲೇ ನಿಂತಿರುತ್ತಾಳೆ, ನಿಲ್ಲಿಸದ ಬಸ್ಸಿಗೆ ಕಾದವರ ಹಾಗೆ. ಅದಕ್ಕೆಂದೇ ಅವನು ಹುಟ್ಟಿದ ಮೇಲೆ ಮೊದಲ ಬಾರಿಗೆ ಗೋಧಿ ಬೇಯಿಸಿದ್ದ. ಅದು ಗಂಟುಗಂಟಾಗಿತ್ತು.

ಅಂಚೆ ಕಚೇರಿಯಿಂದ ದಪ್ಪ ಕಪ್ಪು ಪೆನ್ನು ತಂದ. ವಾಪಸ್ ಹೋಗುವ ಪತ್ರಗಳ ಮೇಲೆ 'ವಿಳಾಸದಾರರು ತೀರಿಕೊಂಡಿದ್ದಾರೆ' ಎಂದು ಬರೆಯುತ್ತಿದ್ದದ್ದು ಅದೇ ಪೆನ್ನಿನಲ್ಲಿ.

ಈಗ ನೋಡದೆ ಗತ್ಯಂತರವಿರಲಿಲ್ಲ. ಕಣ್ಣಿಗೆ ಕಣ್ಣಿಟ್ಟು ನೋಡದೆ ಅಷ್ಟು ಸಣ್ಣ ಚುಕ್ಕೆಗೆ ಮಸಿ ತುಂಬಲಾಗದು. ಮೊದಲನೆಯದರಲ್ಲಿ ಪೆನ್ನು ಜಾರಿ ರಾಯ್ನಾಳಿಗೆ ಮೆಳ್ಳಗಣ್ಣಾಯಿತು. ಎರಡನೆಯದರಲ್ಲಿ ಕನ್ನಡಕ ಹಾಕಿದ ಹಾಗಾಯಿತು. ನಾಲ್ಕನೆಯದಕ್ಕೆ ಕೈ ಪಳಗಿತು. ಅರ್ಧ ಒಣಗಿದ ಅಂಟು ಅಲ್ಲಲ್ಲಿ ಬಿಡುತ್ತಿತ್ತು; ಒಂದು ಕೈಯಲ್ಲಿ ಹಿಟ್ಟು ಬಳಿಯುತ್ತ, ಇನ್ನೊಂದು ಕೈಯಲ್ಲಿ ಮಸಿ ತುಂಬುತ್ತ ಮುಂದೆ ಹೋದ. ಪ್ರತಿ ಕಂಬದಲ್ಲೂ ಅವಳು ಅವನನ್ನೇ ನೇರವಾಗಿ ನೋಡುತ್ತಿದ್ದಳು. ಪ್ರತಿ ಕಂಬದಲ್ಲೂ ಅವನು ಆ ನೋಟವನ್ನು ಮುಚ್ಚಿ ಹೊರಡುತ್ತಿದ್ದ.

ಹನ್ನೊಂದನೆಯದು ಅಂಚೆ ಕಚೇರಿಯ ಬಾಗಿಲಿನದು. ಅಲ್ಲಿ ಬೆಳಕು ಚೆನ್ನಾಗಿತ್ತು. ಅವಳ ಬಾಯಿ ಕೊಂಚ ತೆರೆದಿದೆ, ನಗುವಷ್ಟೇ ಅಲ್ಲ, ಏನೋ ಹೇಳುತ್ತಿದ್ದಾಳೆ ಎಂಬುದು ಆಗ ಕಂಡಿತು. ಏನೆಂಬುದೂ ನೆನಪಾಯಿತು. "ಬೇಗ ಒತ್ತೋ ಮಾರಾಯ, ಒಲೇಲಿ ಬಾನಿತ್ಸಾ ಸೀದು ಹೋಗ್ತಿದೆ!" ಆ ಚೀಸಿನ ಕಡುಬು ಸೀದೇ ಹೋಗಿತ್ತು. ಇಬ್ಬರೂ ಕರಿಕು ಕೆರೆದು ಕೆರೆದು ತಿಂದಿದ್ದರು.

ದಾರಿಯಲ್ಲಿ ಸಿಕ್ಕಿಕೊಂಡಿದ್ದ ಪಾರ್ಸೆಲ್ಲು ಅಲ್ಲಿ, ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಬಂದು ತಲುಪಿತು.

ಅವನು ಗೋಡೆಗೆ ಹಣೆ ಕೊಟ್ಟು ಅತ್ತ. ಕೈಯಿಂದ ಕಣ್ಣೊರೆಸಿಕೊಂಡ. ಮತ್ತೆ ಅತ್ತ, ಮತ್ತೆ ಒರೆಸಿಕೊಂಡ. ಹನ್ನೆರಡನೆಯದು, ಹದಿಮೂರನೆಯದು, ಕೊನೆಗೆ ಇಪ್ಪತ್ತಮೂರನೆಯದು, ಎಲ್ಲವನ್ನೂ ಅಳುತ್ತಲೇ ಮುಗಿಸಿದ. ಇಪ್ಪತ್ತನಾಲ್ಕನೆಯದು ಅವನ ಮನೆಯ ಬಾಗಿಲಿನದು. ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು. ಗೋಧಿಯ ಪಾತ್ರೆ ಎತ್ತಿಕೊಂಡು ಸ್ಮಶಾನಕ್ಕೆ ಓಡಿದ. ಕನ್ನಡಿ ನೋಡಿಕೊಳ್ಳಲು ಹೊತ್ತಿರಲಿಲ್ಲ.

ಪಾದ್ರಿ ಹೇಳಿದ ಹಾಗೆಯೇ ಆಗಿತ್ತು. ಗೋಡೆಯ ಮೇಲಿನ ಕಣ್ಣು ಕಪ್ಪಾದ ಸುದ್ದಿ ಹಬ್ಬಿ ಊರಿಗೆ ಊರೇ ಬಂದಿತ್ತು. ಹಲ್ಲು ಉಳಿದ ಇಬ್ಬರೂ ಬಂದಿದ್ದರು. "ಪಾಪ, ಒಳ್ಳೆ ಹುಡುಗಿ," "ಅಚ್ಚಿನ ತಪ್ಪಂತೆ ಬಿಡಿ," ಎಂದು ಮಾತಾಡಿಕೊಳ್ಳುತ್ತಿದ್ದರು. ಎಲ್ಲರ ಕೈಯಲ್ಲೂ ಗೋಧಿಗೆ ಚಮಚ ಸಿದ್ಧವಾಗಿತ್ತು.

ಸ್ತಾಮೆನ್ ಗೋರಿಗಳ ಸಾಲು ದಾಟಿ ಮುಂದೆ ಬಂದ.

ಕೆನ್ನೆ, ಹಣೆಗೆಲ್ಲ ಒಣಗಿದ ಹಿಟ್ಟು ಮೆತ್ತಿ ಮುಖ ಸುಣ್ಣದ ಗೋಡೆಯಾಗಿತ್ತು. ಕಣ್ಣ ಸುತ್ತ ಮಸಿಯ ಬಳೆ. ಬಳೆಯ ನಡುವೆ, ಎರಡು ಗಂಟೆ ಅತ್ತ ಎರಡು ಕಣ್ಣು ಕೆಂಡದ ಹಾಗೆ ಉರಿಯುತ್ತಿದ್ದವು.

ಯಾರದೋ ಚಮಚ ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿಸಿತು.

"ಗೋಡೆ ಬಿಟ್ಟು ಇವನನ್ನ ಹಿಡ್ಕೊಂಡ್ಲು," ಎಂದಳು ಗಿನ್ಕಾ ಅಜ್ಜಿ.

"ನಾನು ಅತ್ತೆ ಅಜ್ಜಿ. ಅಷ್ಟೇ."

"ನಲವತ್ತು ದಿನ ಅಳದೋನು ಇವತ್ತು ಅತ್ನಂತೆ! ಯಾರಿಗೆ ಹೇಳ್ತೀಯ?" ಅಜ್ಜಿ ಸೆರಗಿನಂಥ ತಲೆವಸ್ತ್ರದ ಗಂಟು ಬಿಚ್ಚಿ ಜಜ್ಜಿದ ಬೆಳ್ಳುಳ್ಳಿ ತೆಗೆದಳು. "ಎಲ್ಲಿ, ಇದನ್ನ ಮೂಸು. ಮನುಷ್ಯನಾಗಿದ್ರೆ ಏನೂ ಆಗಲ್ಲ."

ಕೈ ಚಾಚಿ ಅವನ ಮೂಗಿಗೇ ಹಿಡಿದಳು. ಒರೆಸಿ ಒರೆಸಿ ಹಸಿಯಾಗಿದ್ದ ಕಣ್ಣಿಗೆ ಘಾಟು ತಾಗಿ ಸ್ತಾಮೆನ್ ಅಯ್ಯೋ ಎಂದು ಹಿಂದಕ್ಕೆ ಹಾರಿದ. ಅಷ್ಟು ಸಾಕಾಯಿತು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಗೇಟಿನತ್ತ ಓಡಿದರು. ದ್ರಾಗಾನೊವ್ ಮಾಸ್ತರು ಸಾಹಿತ್ಯವನ್ನು ಮರೆತು ಎಲ್ಲರಿಗಿಂತ ಮುಂದಿದ್ದರು. ಪಾದ್ರಿ ಎವ್ತಿಮಿ ಮಾತ್ರ ನಿಂತು ಪ್ರಾರ್ಥನೆ ಮುಗಿಸಿದರು, ಅರ್ಧ ಗಂಟೆಯದನ್ನು ಎರಡೇ ನಿಮಿಷದಲ್ಲಿ.

"ಒಂದು ಚಮಚ, ಪಾದ್ರಿಗಳೇ," ಸ್ತಾಮೆನ್ ಪಾತ್ರೆ ಮುಂದೆ ಹಿಡಿದ. "ಒಂದೇ ಒಂದು."

"ನಂಗೆ ಸಕ್ಕರೆ ಕಾಯಿಲೆ ಇದೆಯಪ್ಪ," ಎನ್ನುತ್ತ ಅವರೂ ನಿಲುವಂಗಿ ಎತ್ತಿ ಹಿಡಿದು ನಡೆದರು.

ಸ್ಮಶಾನ ಖಾಲಿಯಾಯಿತು. ಸ್ತಾಮೆನ್ ಗೋರಿಯ ಪಕ್ಕ ಕುಳಿತ. ಗೋಧಿಯ ಪಾತ್ರೆ ಭಾರವಾಗಿಯೇ ಇತ್ತು.

ಸ್ವಲ್ಪ ಹೊತ್ತಿಗೆ ಗಿನ್ಕಾ ಅಜ್ಜಿಯ ಬೆಕ್ಕು ಬಂತು. ರಾಯ್ನಾಳ ಗೋರಿಯನ್ನು ಒಂದು ಸಲ ದಾಟಿತು. ಪಾತ್ರೆಗೆ ಮೂತಿ ಹಾಕಿ ಗಂಟುಗಳನ್ನು ಬಿಟ್ಟು ಉಳಿದದ್ದನ್ನು ತಿನ್ನತೊಡಗಿತು. ಸ್ತಾಮೆನ್ ಅದರ ಮುಖವನ್ನೇ ನೋಡುತ್ತ ಕುಳಿತ.

"ದೇವರು ಕ್ಷಮಿಸಲಿ," ಎಂದು ಅದರ ಪರವಾಗಿ ಅವನೇ ಹೇಳಿದ.

ಮನೆಗೆ ಬಂದಾಗ ಗೇಟಿಗೆ ಬೆಳ್ಳುಳ್ಳಿಯ ಸರ ತೂಗುಹಾಕಿದ್ದರು. ಅದನ್ನು ಸರಿಸಿ ಒಳಗೆ ಹೋದ. ಬಾಗಿಲಿನ ಮೇಲೆ ಇಪ್ಪತ್ತನಾಲ್ಕನೆಯ ಕಾಗದ ಹಾಗೇ ಇತ್ತು. ಜೇಬಿನಿಂದ ಪೆನ್ನು ತೆಗೆದ. ಮುಚ್ಚಳ ತೆಗೆಯಲಿಲ್ಲ. ಹಳದಿ ಸ್ವೆಟರ್ ತೊಟ್ಟು, ಬೇಗ ಒತ್ತೆಂದು ನಗುತ್ತ, ಅವಳು ಕೆಂಪು ಕಣ್ಣಿನಿಂದ ಅವನನ್ನೇ ನೋಡುತ್ತಿದ್ದಳು. ಅವನೂ ಕೆಂಪು ಕಣ್ಣಿನಿಂದ ಅವಳನ್ನೇ ನೋಡಿದ.

ಸೋಮವಾರದ ಬಸ್ಸಿಗೆ ಹೊಸ ಕಟ್ಟು ಬಂತು. ಕಣ್ಣು ತಿದ್ದಿದ್ದರು. ಪಾಪ, ಅಚ್ಚುಕೂಟದ ಹುಡುಗಿ ಶೋಕಕ್ಕೆ ಒಪ್ಪಲೆಂದು ಸ್ವೆಟರನ್ನೂ ತಿದ್ದಿ ಕಪ್ಪು ಮಾಡಿದ್ದಳು.